ಮುಕಾಂಬಕ್ಕನ ಕುಸ್ವಾರ್

ಮೊನ್ನೆ ಬ್ರಹ್ಮಾವರದ ಪೇಟೆಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ಒಳದಾರಿಯಲ್ಲಿ ಮನೆಗೆ ಬರುತ್ತಿದ್ದೆ. ಬೇಕರಿಯೊಂದರ ಹಿಂಬದಿಯ ಕಿಟಕಿಯಿಂದ ಕಾದ ತೆಂಗಿನೆಣ್ಣೆಯ ವಾಸನೆ ಬಂತು. ಬರೀ ಎಣ್ಣೆಯದ್ದಾಗಿದ್ದರೆ ನಾನು ನಿಲ್ಲುತ್ತಿರಲಿಲ್ಲ. ಅಕ್ಕಿಹಿಟ್ಟು, ತೆಂಗಿನಹಾಲು, ಸಕ್ಕರೆ ಕೂಡಿದ್ದು ಅದರಲ್ಲಿ ಬಿದ್ದು ಕೆಂಪಾಗುತ್ತಿತ್ತು. ಡಿಸೆಂಬರಿನಲ್ಲಿ ಈ ವಾಸನೆ ಬಂದರೆ ಕ್ರೈಸ್ತರ ಮನೆಯಲ್ಲಿ ಹುಟ್ಟಿದ ಯಾರ ಕಾಲೂ ಮುಂದೆ ಹೋಗುವುದಿಲ್ಲ. ಕತ್ತು ಉದ್ದ ಮಾಡಿ ಇಣುಕಿದೆ. ಒಳಗೆ ಒಬ್ಬಾತ ಉದ್ದ ಹಿಡಿಯ ಕಬ್ಬಿಣದ ಅಚ್ಚನ್ನು ಹಿಟ್ಟಿಗೆ ಅದ್ದಿ, ಎಣ್ಣೆಯಲ್ಲಿ ಮುಳುಗಿಸಿ, ಒಮ್ಮೆ ಕೊಡವಿ ಹೂವು ಬಿಡುತ್ತಿದ್ದ. “ಅಮ್ಮಾ, ಅಂಗ್ಡಿ ಆಚೆ ಬದಿಗ್” ಎಂದ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಕಂಡವರ ಕಿಟಕಿ ಇಣುಕಬಾರದು ಎಂದು ಬುದ್ಧಿ ಹೇಳಿದವಳು ನಾನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ ಸೆರಗು ಸರಿಮಾಡಿಕೊಂಡು ಆಚೆ ಬದಿಗೆ ಹೋದೆ.

ಕ್ರಿಸ್ಮಸ್ಸಿಗೆ ನಮ್ಮಲ್ಲಿ ಮಾಡುವ ತಿಂಡಿಗಳಿಗೆಲ್ಲ ಸೇರಿ ಕುಸ್ವಾರ್ ಎಂದು ಹೆಸರು. ಹುಳದ ಹಾಗೆ ಸುರುಳಿ ಸುತ್ತಿಕೊಂಡಿರುವ ಕಿಡಿಯೊ, ಹೂರಣ ತುಂಬಿದ ನೆವ್ರಿ, ಚೌಕ ಕತ್ತರಿಸಿದ ತುಕ್ಡಿ, ಮತ್ತೆ ಈ ಅಚ್ಚಿನ ಗುಲಾಬಿ ಹೂವು. ಮಾಡಿದ್ದನ್ನು ತಟ್ಟೆಯಲ್ಲಿಟ್ಟು, ಮೇಲೆ ಕ್ರೋಶಾದಲ್ಲಿ ಹೆಣೆದ ಬಟ್ಟೆ ಮುಚ್ಚಿ, ಜಾತಿ ಮತ ನೋಡದೆ ನೆರೆಕರೆಯ ಮನೆಗಳಿಗೆ ಕೊಟ್ಟು ಬರುವುದು ರೂಢಿ. ಈಗ ನಾನು ಮಾಡುವುದಿಲ್ಲ, ಕೊಳ್ಳುತ್ತೇನೆ. ಮಂಡಿನೋವು ಎಂದು ಎಲ್ಲರಿಗೂ ಹೇಳಿದ್ದೇನೆ. ಮಂಡಿಗೂ ಹೂವಿನ ಅಚ್ಚಿಗೂ ಏನು ಸಂಬಂಧ ಎಂದು ಯಾರೂ ಇನ್ನೂ ಕೇಳಿಲ್ಲ, ನೀವೂ ಕೇಳಬೇಡಿ.

ನಾನು ಹುಟ್ಟಿ ಬೆಳೆದದ್ದು ಉಪ್ಪುಂದದ ಹತ್ತಿರ, ಹೆದ್ದಾರಿಗೂ ಕಡಲಿಗೂ ನಡುವೆ. ಆಸುಪಾಸಿನಲ್ಲಿ ನಮ್ಮದೊಂದೇ ಕ್ರೈಸ್ತರ ಮನೆ. ಪಪ್ಪ ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದರು. ಮನೆಯ ಪಕ್ಕದಲ್ಲೇ ಅವರ ಶೆಡ್ಡು. ಊರಿಗೆಲ್ಲ ಅವರು ಮೇಸ್ತ್ರಿ, ಅಮ್ಮ ಬಾಯಮ್ಮ. ಕ್ರಿಸ್ಮಸ್ಸಿಗೆ ಮೊದಲಿನ ನಾಲ್ಕು ದಿನ ಅಮ್ಮ ಬಾಣಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಕರಿದದ್ದೆಲ್ಲ ಆರಿದ ಮೇಲೆ ವಿಂಗಡಣೆ. ಇಡೀ ಇದ್ದದ್ದು ಒಂದು ಡಬ್ಬಿಗೆ, ಮುರಿದದ್ದು ಇನ್ನೊಂದು ಡಬ್ಬಿಗೆ. ಗುಲಾಬಿ ಹೂವಿನದ್ದೇ ದೊಡ್ಡ ರಗಳೆ, ಅಚ್ಚಿನಿಂದ ಬಿಡಿಸುವಾಗಲೇ ಅರ್ಧಕ್ಕರ್ಧ ಮುರಿಯುತ್ತಿತ್ತು. ಇಡೀ ಹೂವುಗಳು ತಟ್ಟೆಯೇರಿ ಡಾಕ್ಟರ ಮನೆಗೆ, ಹೆಡ್‌ಮಾಸ್ಟರ ಮನೆಗೆ, ನಾವಿದ್ದ ಜಾಗದ ಯಜಮಾನರ ಮನೆಗೆ ಹೋಗುತ್ತಿದ್ದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಪಪ್ಪ ನಗೆಯಾಡಿದರೆ ಅಮ್ಮನಿಗೆ ಸಿಟ್ಟು ಬರುತ್ತಿತ್ತು.

ಎರಡನೆಯ ಡಬ್ಬಿಯಿಂದ ಒಂದಿಷ್ಟು ತೆಗೆದು ಅಮ್ಮ ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟುತ್ತಿದ್ದಳು. ಅದು ಮೀನು ಮಾರುವ ಮುಕಾಂಬುವಿಗೆ. ನಾವು ಮಕ್ಕಳು ಅವಳನ್ನು ಮುಕಾಂಬಕ್ಕ ಎನ್ನುತ್ತಿದ್ದೆವು. ನಸುಕಿನಲ್ಲೇ ಕಡಲ ಬದಿಗೆ ಹೋಗಿ ಮೀನು ಕೊಂಡು, ಬುಟ್ಟಿ ತಲೆಯ ಮೇಲಿಟ್ಟು, ಮನೆ ಮನೆ ತಿರುಗುವವಳು. ಗಂಡ ದೋಣಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮನೆಯಲ್ಲೇ ಇದ್ದ. ಎರಡು ಮಕ್ಕಳು, ತೆಂಗಿನ ಮಡಲು ಹೊದೆಸಿದ ಮನೆ. ಈಗ ಬರೆಯುವಾಗ ‘ಅವರು’ ಎನ್ನಬೇಕೇನೋ. ಆದರೆ ಹಾಗೆ ಬರೆದದ್ದು ಗೊತ್ತಾದರೆ ಮೊದಲು ನಗುವವಳು ಅವಳೇ.

ಅಮ್ಮನಿಗೂ ಅವಳಿಗೂ ದಿನಾ ಜಗಳ. ಜಗಳವಾಗದ ದಿನ ಅಮ್ಮನಿಗೆ ಸಾರು ರುಚಿಸುತ್ತಿರಲಿಲ್ಲ.

“ಬಾಯಮ್ಮಾ, ಬಂಗ್ಡಿ ಕಾಣಿ, ಕಣ್ಣ್ ಇನ್ನೂ ಪಿಳಿಪಿಳಿ ಮಾಡ್ತಾ ಇತ್ತ್.”

“ಪಿಳಿಪಿಳಿ ಮಾಡ್ತಾ ಇಪ್ಪುದ್ ನಿನ್ ಕಣ್ಣ್ ಮುಕಾಂಬು, ಮೀನಿಂದಲ್ಲ. ಇನ್ನೆರಡ್ ಹಾಕ್.”

“ಇನ್ನೆರಡ್ ಹಾಕಿರೆ ನಾ ಮನಿಗೆ ಬರೀ ಬುಟ್ಟಿ ತಕಂಡ್ ಹೋಯ್ಕ್.”

ಹೀಗೆಂದು ಒಂದು ಹಾಕುತ್ತಿದ್ದಳು. ಇಬ್ಬರೂ ಗೆದ್ದ ಮುಖ ಮಾಡಿಕೊಳ್ಳುತ್ತಿದ್ದರು. ಆಮೇಲೆ ಮುಕಾಂಬಕ್ಕ ಬುಟ್ಟಿ ಇಳಿಸಿಟ್ಟು ಹಿಂದಿನ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದು ಲೋಟ ಚಾ ಕುಡಿಯುವುದು. ಇದು ನನಗೆ ತಿಳಿದಂದಿನಿಂದ ನಡೆದು ಬಂದದ್ದು.

ನನಗೆ ಹತ್ತೊಂಬತ್ತು ತುಂಬಿದ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಅಮ್ಮ ತೀರಿಕೊಂಡಳು. ನಾಲ್ಕು ದಿನದ ಜ್ವರ, ಐದನೆಯ ದಿನ ಅಮ್ಮ ಇಲ್ಲ. ತಂಗಿ ಲವೀನಾಗೆ ಆಗ ಎಂಟು ವರ್ಷ. ನಾವೆಲ್ಲ ಅವಳನ್ನು ಲವಿ ಎನ್ನುತ್ತಿದ್ದೆವು. ಪಪ್ಪ ಮೊದಲೇ ಮಾತು ಕಡಿಮೆ, ಈಗ ಇದ್ದದ್ದೂ ನಿಂತಿತು. ಶೆಡ್ಡಿನಲ್ಲಿ ಎಂಜಿನ್ನಿನ ಜೊತೆ ಏನಾದರೂ ಮಾತಾಡುತ್ತಿದ್ದರೋ ಗೊತ್ತಿಲ್ಲ, ನಮ್ಮ ಜೊತೆ ಇಲ್ಲ. ಅಡುಗೆ, ಮನೆ, ಲವಿಯ ಜಡೆ ಎಲ್ಲ ನನ್ನ ಪಾಲಿಗೆ ಬಂತು. ಅನ್ನ ತಳ ಹಿಡಿಸುವುದರಲ್ಲಿ ಆ ಮೂರು ತಿಂಗಳು ನನ್ನನ್ನು ಮೀರಿಸುವವರು ಆ ಕಡಲ ಬದಿಯಲ್ಲಿ ಇರಲಿಲ್ಲ.

ಡಿಸೆಂಬರ್ ಬಂತು. ನಮ್ಮಲ್ಲಿ ಒಂದು ಕ್ರಮ ಇದೆ. ಸಾವಾದ ವರ್ಷ ಆ ಮನೆಯಲ್ಲಿ ಕುಸ್ವಾರ್ ಮಾಡುವಂತಿಲ್ಲ. ಹಬ್ಬದ ಎಣ್ಣೆ ಒಲೆಯ ಮೇಲೆ ಏರಬಾರದು. ಆದರೆ ಮನೆಯ ಮಕ್ಕಳು ಬಾಯಿ ಕಟ್ಟಿಕೊಂಡು ಕೂರಬೇಕೆಂದಲ್ಲ, ಸಂಬಂಧಿಕರು ತಂದುಕೊಡಬೇಕು. ಅಮ್ಮನ ಅಕ್ಕ ಬ್ರಹ್ಮಾವರದಲ್ಲಿದ್ದರು, ತಂಗಿ ಕುಂದಾಪುರದಲ್ಲಿ. ಇಬ್ಬರು ಮೌಶಿಯರಲ್ಲಿ ಯಾರಾದರೂ ಕಳಿಸಿಯೇ ಕಳಿಸುತ್ತಾರೆ ಎಂದು ನಾನು ಲವಿಗೆ ಹೇಳಿದೆ. ಹೇಳಿದ್ದು ಮಾತ್ರವಲ್ಲ, ಅವಳ ತಲೆ ಮುಟ್ಟಿ ಆಣೆ ಹಾಕಿದೆ. ಆ ಮಗು ಅಮ್ಮ ಹೋದ ಮೇಲೆ ಏನನ್ನೂ ಕೇಳಿರಲಿಲ್ಲ. ಕೇಳಿದ್ದು ಇದೊಂದೇ, “ಈ ಸಲ ನಮಗೆ ಕುಸ್ವಾರ್ ಇಲ್ಲವಾ?” ಎಂದು. ಅಷ್ಟೂ ಆಗದಿದ್ದರೆ ನಾನು ಯಾವ ಸೀಮೆಯ ಅಕ್ಕ ಎಂದು ನನಗನ್ನಿಸಿತು.

ಆಗ ನಮ್ಮ ಕಡೆ ಪಾರ್ಸೆಲ್ ಎಂದರೆ ಬಸ್ಸು. ಬ್ರಹ್ಮಾವರದಲ್ಲೋ ಕುಂದಾಪುರದಲ್ಲೋ ಕಂಡಕ್ಟರನ ಕೈಗೆ ಕಟ್ಟು ಕೊಟ್ಟು ಇಂಥವರ ಮನೆಗೆ ಎಂದರೆ ಸಾಕು, ಬೈಂದೂರಿಗೆ ಹೋಗುವ ಬಸ್ಸು ಸ್ಟಾಪಿನಲ್ಲಿ ಒಂದು ಕ್ಷಣ ನಿಂತು ಕಟ್ಟು ಇಳಿಸಿ ಹೋಗುತ್ತಿತ್ತು. ಕಾಯಲು ಒಬ್ಬರು ಇರಬೇಕು, ಅಷ್ಟೆ. ರಜೆ ಶುರುವಾದದ್ದೇ ಲವಿ ಬೆಳಿಗ್ಗೆ ಗಂಜಿ ಉಂಡು ಸ್ಟಾಪಿಗೆ ಹೋಗಿ ನಿಲ್ಲತೊಡಗಿದಳು. ಪ್ರತಿ ಬಸ್ಸಿಗೂ ಒಂದು ಹೆಜ್ಜೆ ಮುಂದೆ ಬರುವುದು, ಕಂಡಕ್ಟರ್ ಕೈಯಾಡಿಸಿ ಇಲ್ಲ ಎಂದರೆ ಹಿಂದೆ ಸರಿಯುವುದು. ಮೂರನೆಯ ದಿನಕ್ಕೆ ಕಂಡಕ್ಟರುಗಳೇ ಅವಳನ್ನು ದೂರದಿಂದ ಕಂಡು ತಲೆಯಾಡಿಸಿಬಿಡುತ್ತಿದ್ದರು. ಮುಕಾಂಬಕ್ಕ ಬುಟ್ಟಿ ಹೊತ್ತು ಹೋಗುವಾಗ ಅವಳನ್ನು ಕಂಡು, “ಎಂತ ಹೆಣೆ, ಇಲ್ ನಿಂತ್ಕಂಡ್ ಎಂತ ಮಾಡ್ತೆ?” ಎಂದು ಕೇಳಿದಳಂತೆ. ಲವಿ ಎಲ್ಲ ಹೇಳಿದಳಂತೆ. ಅದಾದ ಮೇಲೆ ಎರಡು ದಿನ ಮುಕಾಂಬಕ್ಕ ನಮ್ಮ ಕಡೆ ಬರಲಿಲ್ಲ. ಮೀನಿಲ್ಲದೆ ನಾನು ಬೇಳೆ ಬೇಯಿಸಿ, ಅದರ ತಳವನ್ನೂ ಹಿಡಿಸಿದೆ.

ಕ್ರಿಸ್ಮಸ್ಸಿನ ಹಿಂದಿನ ದಿನ ಮಧ್ಯಾಹ್ನದ ಹೊತ್ತಿಗೆ ಹಿಂದಿನ ಬಾಗಿಲಲ್ಲಿ ದನಿ ಕೇಳಿತು.

“ಹ್ವಾಯ್, ಯಾರಿದ್ರಿ ಒಳ್ಗೆ?”

“ಇವತ್ ಮೀನ್ ಬ್ಯಾಡ ಮುಕಾಂಬಕ್ಕ” ಎಂದೆ ಒಳಗಿಂದಲೇ. ಎರಡು ದಿನ ಬಾರದೆ ಇದ್ದದ್ದಕ್ಕೆ ಸಿಟ್ಟೂ ಇತ್ತು.

“ಮೀನ್ ಯಾರ್ ತಂದಿರ್? ಹೊರ್ಗ್ ಬಂದ್ ಕಾಣ್.”

ಬಂದು ನೋಡಿದರೆ ತಲೆಯ ಮೇಲೆ ಬುಟ್ಟಿ ಇಲ್ಲ. ಮಿಂದು, ತಲೆಗೆ ಎಣ್ಣೆ ಹಾಕಿ ಬಾಚಿ, ಮದುವೆಗೆ ಹೊರಟವಳ ಹಾಗೆ ತೊಳೆದ ಸೀರೆ ಉಟ್ಟಿದ್ದಾಳೆ. ಸೊಂಟದಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿ. ಅವಳ ಸೆರಗು ಹಿಡಿದು ಲವಿ ನಿಂತಿದ್ದಾಳೆ, ಸ್ಟಾಪಿನಿಂದಲೇ ಕರೆದುಕೊಂಡು ಬಂದಿರಬೇಕು.

“ತಕೋ. ಸಾವಾದ್ ವರ್ಷ ನೀವ್ ಬಾಣ್ಲಿ ಇಡುವಾಂಗಿಲ್ಲೆ. ನಮ್ಮಲ್ಲೂ ಹಾಂಗೇ. ಯಾರಾರೂ ತಂದ್ ಕೊಡ್ಕ್ ಅಲ್ದಾ?”

ನಾನು ಡಬ್ಬಿಗೆ ಕೈ ಚಾಚಿದೆ. ಅವಳೇ ಮುಂದುವರಿಸಿದಳು. “ಮೀನಿನ್ ನಾತ ಬಪ್ಪುಕಾಗ ಅಂದೇಳಿ ಎರಡ್ ದಿನ ಬುಟ್ಟಿ ಮುಟ್ಲಿಲ್ಲೆ. ಎಣ್ಣಿ ಹೊಸ್ತ್. ಬಾಣ್ಲಿ ಆಚೆಮನಿದ್, ನಮ್ದ್ರಲ್ಲಿ ಮೀನ್ ಕಾಸೂದ್ ಅಲ್ದಾ, ಹೆದ್ರಬೇಡಿ.”

ಆ ದಿನದ ಮೀನು ಮಾರಿ ಆ ದಿನದ ಒಲೆ ಹೊತ್ತಿಸುವ ಮನೆ ಅದು. ಅಲ್ಲಿ ಎರಡು ದಿನ ಬುಟ್ಟಿ ಮುಟ್ಟದೆ ಕೂರುವುದೆಂದರೆ, ಮೇಲಿಂದ ಹೊಸ ಎಣ್ಣೆ ಸಕ್ಕರೆ ತರುವುದೆಂದರೆ ಏನು ಎಂದು ನನಗೆ ಆಗ ಹೊಳೆಯಲಿಲ್ಲ. ಹೊಳೆಯುವ ವಯಸ್ಸಲ್ಲ ಎನ್ನಲಾರೆ, ಹತ್ತೊಂಬತ್ತು ಸಣ್ಣ ವಯಸ್ಸೇನಲ್ಲ. ನನ್ನ ಕಣ್ಣು ಡಬ್ಬಿಯ ಮೇಲಿತ್ತು.

ಮುಚ್ಚಳ ತೆಗೆದೆ. ಒಳಗೆ ಒಡೆದ ಬಳೆ ಚೂರುಗಳ ಹಾಗೆ ಸಣ್ಣ ಸಣ್ಣ ತುಂಡುಗಳು. ಒಂದು ಬಾಗಿದ್ದು, ಒಂದು ಕೊಕ್ಕೆಯ ಹಾಗೆ, ಒಂದು ಕಿಟಕಿಯ ಅರ್ಧ ಸರಳಿನ ಹಾಗೆ. ಬಣ್ಣ ಸ್ವಲ್ಪ ಹೆಚ್ಚು ಕೆಂಪು. ದಾರಿಯಲ್ಲಿ ಮುರಿದಿರಬೇಕು ಎಂದುಕೊಂಡೆ. ಕೈಗೆತ್ತಿಕೊಂಡು ನೋಡಿದರೆ ಮುರಿದ ಗುರುತೇ ಇಲ್ಲ, ತುದಿಗಳೆಲ್ಲ ದುಂಡಗೆ ನುಣ್ಣಗಿವೆ. ಒಂದೊಂದನ್ನೂ ಕೈಯಲ್ಲೇ ತಿದ್ದಿ ಕರಿದದ್ದು.

“ಬಾಯಮ್ಮಂದ್ರ ಹಾಂಗೆ ಸಪುರ ಬರ್ಲಿಲ್ಲೆ,” ಎಂದಳು ಮುಕಾಂಬಕ್ಕ. “ಒಂದ್ರ ಹಾಂಗ್ ಇನ್ನೊಂದ್ ಇಪ್ಪುಕಾಗ ಅಲ್ದಾ, ಅದೇ ಕಷ್ಟ ಆಯ್ತ್.”

ಇಷ್ಟು ವರ್ಷ ಅಮ್ಮ ಪೇಪರಿನಲ್ಲಿ ಕಟ್ಟಿ ಕೊಟ್ಟದ್ದೆಲ್ಲ ಮುರಿದದ್ದೇ. ಇವಳು ಇಡೀ ಹೂವನ್ನು ನೋಡಿಯೇ ಇಲ್ಲ. ಗುಲಾಬಿ ಹೂವು ಇರುವುದೇ ಹೀಗೆ ಎಂದುಕೊಂಡು, ಅಚ್ಚಿಲ್ಲದೆ, ಎರಡು ದಿನ ಕೂತು, ನಮ್ಮ ಮನೆಯ ಚೂರುಗಳನ್ನು ನೆನಪಿನಿಂದ ಮಾಡಿಕೊಂಡು ಬಂದಿದ್ದಾಳೆ. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ. ಲವಿ ಮಾತ್ರ ಮೆಟ್ಟಿಲ ಮೇಲೆ ಕೂತು ಎರಡೂ ಕೈಯಲ್ಲಿ ತಿನ್ನುತ್ತಿದ್ದಳು. “ಅಕ್ಕಾ, ಅಮ್ಮನದ್ದರ ಹಾಗೇ ಇದೆ” ಎಂದಳು. ರುಚಿಗೆ ಹೇಳಿದ್ದೆಂದುಕೊಂಡೆ. ಅಮ್ಮ ಹೋದ ಮೇಲೆ ಅವಳು ನಕ್ಕದ್ದು ಅವತ್ತೇ ಮೊದಲು.

ದನಿ ಕೇಳಿ ಪಪ್ಪ ಶೆಡ್ಡಿನಿಂದ ಬಂದರು. ಗ್ರೀಸ್ ಹಿಡಿದ ಕೈಯನ್ನು ಅಂಗಿಗೆ ಒರೆಸಿ ಡಬ್ಬಿಯಿಂದ ಒಂದು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. “ಒಳ್ಳೇದಾಯ್ತ್ ಮುಕಾಂಬು” ಎಂದರು, ಮತ್ತೆ ಶೆಡ್ಡಿಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಂದ ದೊಡ್ಡ ಶಬ್ದ ಕೇಳಿತು. ರಿಪೇರಿ ಮುಗಿದು ಒಯ್ಯಲು ತಯಾರಿದ್ದ ಎಂಜಿನ್ನನ್ನು ಸುಮ್ಮನೆ ಶುರು ಮಾಡಿದ್ದರು. ಅಳುವುದು ನಮಗೆ ಕೇಳಬಾರದೆಂದು. ಅಮ್ಮನನ್ನು ಮಣ್ಣು ಮಾಡಿದ ದಿನವೂ ಅತ್ತಿರದ ಮನುಷ್ಯ. ಮುಕಾಂಬಕ್ಕ ಶೆಡ್ಡಿನ ಕಡೆ ಒಂದು ಸಲ ನೋಡಿ, “ಅಳ್ಲಿ, ಒಳ್ಳೇದ್” ಎಂದು ಹೇಳಿ ಹೊರಟುಹೋದಳು.

ಮೌಶಿಯರ ಕತೆ ಹೊಸ ವರ್ಷಕ್ಕೆ ಗೊತ್ತಾಯಿತು. ಕುಂದಾಪುರದವಳು ಕಳಿಸಿರುತ್ತಾಳೆ ಎಂದು ಬ್ರಹ್ಮಾವರದವರು, ಬ್ರಹ್ಮಾವರದವಳು ಕಳಿಸಿರುತ್ತಾಳೆ ಎಂದು ಕುಂದಾಪುರದವರು. ಕೇಳೋಣವೆಂದರೆ, ಕೇಳಿದರೆ ಲೆಕ್ಕ ಹಾಕಿದ ಹಾಗಾಗುತ್ತದೆ ಎಂದು ಇಬ್ಬರಿಗೂ ಸಂಕೋಚ. ಇಬ್ಬರೂ ಬಂದು ನಮ್ಮನ್ನು ತಬ್ಬಿಕೊಂಡು ಗೋಳೋ ಎಂದು ಅತ್ತರು. ಕೈಯಲ್ಲಿ ಎರಡೆರಡು ಡಬ್ಬಿ. ಲವಿ ಆ ಹೊತ್ತಿಗೆ ಮುಕಾಂಬಕ್ಕನ ಡಬ್ಬಿಯ ತಳ ಕೆರೆಯುತ್ತಿದ್ದಳು.

ಮುಂದಿನ ವರ್ಷ ನಾನು ಶಿಕ್ಷಕರ ತರಬೇತಿಗೆ ಹೋದೆ, ಪಪ್ಪ ಲವಿಯನ್ನು ಕರೆದುಕೊಂಡು ಬ್ರಹ್ಮಾವರಕ್ಕೆ ಬಂದರು. ಉಪ್ಪುಂದದ ಮನೆ ಬಿಟ್ಟೆವು. ಆದರೆ ಆ ಡಬ್ಬಿ ನನ್ನನ್ನು ಬಿಡಲಿಲ್ಲ. ಯಾರ ಮನೆಯಲ್ಲಿ ಗುಲಾಬಿ ಹೂವು ಕಂಡರೂ ಆ ಚೂರುಗಳೇ ಕಣ್ಣ ಮುಂದೆ ಬರುತ್ತಿದ್ದವು. ಮಂಡಿನೋವು ಎಂದು ಹೇಳಿದೆನಲ್ಲ, ಅಸಲು ಕಾರಣ ಇದೇ. ಅಮ್ಮನ ಮೇಲೆ ನನಗೆ ಒಂದು ಸಣ್ಣ ಸಿಟ್ಟು ಉಳಿದುಬಿಟ್ಟಿತು. ಸತ್ತ ತಾಯಿಯ ಮೇಲೆ ಸಿಟ್ಟಿಟ್ಟುಕೊಂಡು ಬದುಕುವುದು ಎಂಥ ಹಿಂಸೆ ಎಂದು ಅನುಭವಿಸಿದವರಿಗೇ ಗೊತ್ತು. ನಡುವೆ ಎರಡು ಸಲ ಮುಕಾಂಬಕ್ಕ ಸಿಕ್ಕಿದ್ದಳು, ಒಮ್ಮೆ ಬೈಂದೂರು ಸ್ಟೇಷನ್ನಿನಲ್ಲಿ, ಒಮ್ಮೆ ಕುಂಭಾಶಿಯಲ್ಲಿ ಯಾರದೋ ಮದುವೆಯಲ್ಲಿ. ಹೇಳಬೇಕು ಎಂದು ಬಾಯಿ ತೆರೆದವಳು ಎರಡು ಸಲವೂ ಅವಳ ಮಕ್ಕಳ ಕ್ಷೇಮ ಕೇಳಿ ಸುಮ್ಮನಾದೆ.

ಮೊನ್ನೆ ಆ ಬೇಕರಿಯಲ್ಲಿ ಹೂವುಗಳನ್ನು ಕಟ್ಟಿಸಿಕೊಂಡ ಹೊತ್ತಿಗೆ, ಇನ್ನು ತಡಮಾಡಿದರೆ ಹೇಳಲು ಅವಳಾದರೂ ಇರುವುದಿಲ್ಲ, ನಾನಾದರೂ ಇರುವುದಿಲ್ಲ ಎನ್ನಿಸಿತು. ಮರುದಿನವೇ ಬೈಂದೂರು ಬಸ್ಸು ಹತ್ತಿದೆ. ಒಂದೂ ಮುರಿಯಬಾರದೆಂದು ಡಬ್ಬಿಯನ್ನು ಬಾಣಂತಿ ಮಗುವನ್ನು ಹಿಡಿದ ಹಾಗೆ ಮಡಿಲಲ್ಲಿ ಹಿಡಿದುಕೊಂಡಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಕುಂದಾಪುರದವರೆಗೂ ಅದನ್ನೇ ನೋಡುತ್ತಿದ್ದಳು. ಬ್ಯಾಗಿನಲ್ಲಿ ತಟ್ಟೆ, ಮುಚ್ಚಲು ಕ್ರೋಶಾದ ಬಟ್ಟೆ.

ಮು‌ಕಾಂಬಕ್ಕನ ಮನೆ ಈಗ ಹಂಚಿನದು, ಮುಂದೆ ಸಿಮೆಂಟಿನ ಜಗಲಿ. ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಮ್ಮಗಳಿಗೆ ಹೂ ಕಟ್ಟಿಕೊಡುತ್ತಿದ್ದಳು. ಎಂಬತ್ತರ ಹತ್ತಿರ ಇರಬೇಕು. ಕಣ್ಣು ಕಿರಿದು ಮಾಡಿ ನೋಡಿ, “ಬಾಯಮ್ಮನ್ ದೊಡ್ ಹೆಣ್ಣ್ ಅಲ್ದಾ? ಬಾ ಮಗಾ, ಕೂಕೋ” ಎಂದಳು. ಸೊಸೆ ಚಾ ತಂದಿಟ್ಟು ಒಳಗೆ ಹೋದಳು. ನಾನು ತಟ್ಟೆ ತೆಗೆದು, ಹೂವುಗಳನ್ನು ಜೋಡಿಸಿ, ಬಟ್ಟೆ ಮುಚ್ಚಿ ಅವಳ ಮುಂದಿಟ್ಟೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಮುಕಾಂಬಕ್ಕ, ಅಮ್ಮ ನಿಮ್ಗೆ ಕೊಡ್ತಾ ಇದ್ದದ್ದೆಲ್ಲ ಮುರ್ದದ್ದ್. ಇಡೀದೆಲ್ಲ ದೊಡ್ಡವ್ರ ಮನಿಗೆ ಹೋತಿತ್. ನಂಗೆ ಗೊತ್ತಿದ್ದಿತ್. ತಪ್ಪಾಯ್ತ್.”

ಅವಳು ನನ್ನನ್ನೇ ನೋಡಿದಳು. “ಇದ್ ಹೇಳೂಕೆ ಬ್ರಹ್ಮಾವರದಿಂದ ಬಸ್ ಹತ್ಕಂಡ್ ಬಂದ್ಯಾ?”

“ಹೌದ್.”

“ನಂಗೆ ಗೊತ್ತಿಲ್ದೇ ಎಂತ? ಡಾಕ್ಟ್ರ ಮನಿಗೂ ಮೀನ್ ಕೊಡ್ತಿದ್ದವ್ಳ್ ನಾನೇ ಅಲ್ದಾ. ಅವ್ರ ಜಗ್ಲಿ ಮೇಲ್ ನಿಮ್ ತಟ್ಟಿ ಇಪ್ಪುದ್ ಪ್ರತಿ ವರ್ಷ ಕಂಡಿದ್ದೆ. ಹೂ ಚೆಂದ ಇದ್ದಿತ್.”

ನನಗೆ ತಲೆಬುಡ ತಿಳಿಯಲಿಲ್ಲ. “ಮತ್ತೆ ನೀವ್ ಆ ವರ್ಷ ಚೂರ್ ಚೂರೇ ಮಾಡಿ ತಂದದ್ದ್?”

“ನೀವ್ ಮಕ್ಳ್ ತಿಂತಾ ಇದ್ದದ್ದ್ ಎಂತ? ನೆನ್ಪಿಲ್ಯಾ?” ಮುಕಾಂಬಕ್ಕ ನಕ್ಕಳು. “ಹಿಂದಿನ್ ಮೆಟ್ಲ್ ಮೇಲ್ ಕೂಕಂಡ್ ನೀವಿಬ್ರೂ ತಿಂಬುದ್ ಚೂರೇ. ಹೂವಿಗ್ ಕೈ ಹಾಕಿರೆ ಬಾಯಮ್ಮ ಸಟ್ಗದಲ್ಲಿ ಬಡಿತಿದ್ರ್. ನಾ ಚಾ ಕುಡೀತಾ ಕಾಂತಿದ್ದೆ ಅಲ್ದಾ. ಇಡೀದ್ ಹೊರ್ಗಿನವ್ರಿಗೆ. ನಿಮ್ಗ್ ಕೊಡೂದೂ ಆ ಡಬ್ಬಿಯಿಂದ್ಲೇ, ನಂಗ್ ಕೊಡೂದೂ ಆ ಡಬ್ಬಿಯಿಂದ್ಲೇ. ಆ ಸಣ್ ಹೆಣ್ಣಿಗೆ ಅಮ್ಮ ಕೊಟ್ಟದ್ದ್ ಹ್ಯಾಂಗಿತ್ತೋ ಹಾಂಗೇ ಆಯ್ಕ್ ಅಂದೇಳಿ ಮಾಡ್ದೆ.”

ಕೂತಲ್ಲೇ ಎಲ್ಲ ನೆನಪಾಯಿತು. ಬೇರೆಯವರಿಗೆ ಏನು ಸಿಕ್ಕಿತು ಎಂಬುದನ್ನು ಇಷ್ಟು ವರ್ಷ ಲೆಕ್ಕವಿಟ್ಟವಳು, ನಾನೇನು ತಿಂದೆ ಎಂಬುದನ್ನು ಮರೆತೇಬಿಟ್ಟಿದ್ದೆ. ಕ್ರಿಸ್ಮಸ್ಸಿನ ದಿನವೂ ನಮಗೆ ಒಂದು ಇಡೀ ಹೂವು ಸಿಕ್ಕಿದ್ದಿಲ್ಲ. ಅಮ್ಮ ಮುಕಾಂಬಕ್ಕನಿಗೆ ಆ ಚೂರುಗಳನ್ನು ಮನೆಯವಳೆಂದೇ ಯೋಚಿಸಿ ಕೊಟ್ಟಳೋ, ಉಳಿದದ್ದೆಂದು ಕೊಟ್ಟಳೋ, ಇನ್ನು ಯಾರನ್ನು ಕೇಳುವುದು? ತೆಗೆದುಕೊಂಡವಳು ಮನೆಯವಳಾಗಿ ತೆಗೆದುಕೊಂಡಳು. ನನ್ನ ಕಣ್ಣು ತುಂಬಿತು, ಅಡಗಿಸಲು ನನ್ನ ಹತ್ತಿರ ಯಾವ ಎಂಜಿನ್ನೂ ಇರಲಿಲ್ಲ.

ಮುಕಾಂಬಕ್ಕ ತಟ್ಟೆಯ ಬಟ್ಟೆ ಸರಿಸಿ ನೋಡಿದಳು. ಹನ್ನೆರಡು ಹೂವು, ಒಂದೂ ಮುಕ್ಕಾಗಿರಲಿಲ್ಲ.

“ಇದ್ ಯಾರಿಗ್ ತಂದದ್ದ್, ನಂಗಾ?” ಎಂದಳು. “ನಾ ಯಾವಾಗ್ಳಿಂದ ನಿಮ್ಗೆ ಹೊರ್ಗಿನವ್ಳ್ ಆದ್ದ್?”

ನಡುವಿನ ಹೂವನ್ನು ತೆಗೆದು ಮುರಿದೆ. ಒಂದು ಚೂರನ್ನು ಅವಳ ಕೈಗಿಟ್ಟೆ, ಒಂದನ್ನು ನಾನು ಬಾಯಿಗೆ ಹಾಕಿಕೊಂಡೆ.

“ಇನ್ನೊಂಚೂರ್ ಸಣ್ಣ ಮಾಡ್ ಮಗಾ,” ಎಂದಳು ಮುಕಾಂಬಕ್ಕ, “ಹಲ್ಲ್ ಇಲ್ಲೆ.”